ಎರಡು ಕೋರ್ ಸಾಕು ಅಂದವರಿಗೆ



ಊರೂರಲ್ಲಿ ಸಭೆ ನಡೀತಿರುವಾಗ ಇವನು ಗೇಮ್ ಆಡೋ ಕಂಪ್ಯೂಟರ್ ಬಗ್ಗೆ ಬರೀತಾನಲ್ಲ ಅಂತ ಬೈಯೋರು ಬೈಯಬಹುದು. ಸಭೆಗೂ ಹೋಗ್ತಿದ್ದೀನಿ, ಕರಪತ್ರಾನೂ ಹಂಚ್ತಿದ್ದೀನಿ. ಆದರೆ ಹೋದ ವಾರ ನಮ್ಮದೇ ವಾಟ್ಸಾಪ್ ಗುಂಪಿನಲ್ಲಿ ಬಂದ ಒಂದು ಮಾತು ನನ್ನನ್ನ ಮಲಗೋಕೆ ಬಿಟ್ಟಿಲ್ಲ. ಅದಕ್ಕೆ ಉತ್ತರ ಇಲ್ಲೇ, ಎಲ್ಲರ ಮುಂದೆ ಬರೀತಿದ್ದೀನಿ. ಉದ್ದ ಆಗುತ್ತೆ. ತಾಳ್ಮೆ ಇದ್ದವರು ಓದಿ.

ವಿಷಯ ಇಷ್ಟೇ. ನನ್ನ ಮಗಳು ಬಿಸಿಎ ಎರಡನೇ ವರ್ಷ. ಅವಳಿಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಡಬೇಕು, ಪ್ರೊಸೆಸರ್ ಯಾವುದು ತಗೊಳ್ಳೋದು, ಗೊತ್ತಿರೋರು ಹೇಳಿ ಅಂತ ಗುಂಪಿನಲ್ಲಿ ಕೇಳಿದೆ. ಮೂರು ಉತ್ತರ ಬಂತು. ಒಬ್ಬರು, "ಸರ್ಕಾರದ ಲ್ಯಾಪ್‌ಟಾಪ್ ಬರುತ್ತಲ್ಲ, ಕಾಯಿರಿ" ಅಂದರು. ಇನ್ನೊಬ್ಬರು, "ಗೇಮಾ? ನಮ್ಮ ಮಕ್ಕಳಿಗೆ ಮೊದಲು ಪುಸ್ತಕ ಕೊಡಿಸಿ ಅಣ್ಣ" ಅಂದರು. ಮೂರನೆಯವರು, ನನಗಿಂತ ಹಿರಿಯರು, ನಾನು ಗೌರವಿಸೋರು, "ಹುಡುಗಿಗೆ ಡ್ಯುಯಲ್ ಕೋರ್ ಸಾಕಪ್ಪ, ಸುಮ್ನೆ ಯಾಕೆ ದುಡ್ಡು ಸುರೀತೀಯ" ಅಂತ ಬರೆದರು.

ಮೊದಲ ಎರಡಕ್ಕೆ ಉತ್ತರ ನನ್ನ ಹತ್ರ ಇತ್ತು. ಮೂರನೆಯದಕ್ಕೆ ಇರಲಿಲ್ಲ. ಯಾಕಂದ್ರೆ ನನ್ನ ಮಗಳು ತಾನೇ ಬರೆದುಕೊಟ್ಟ ಚೀಟಿಯಲ್ಲೂ ಅದೇ ಇತ್ತು. ಡ್ಯುಯಲ್ ಕೋರ್.

ಮೊದಲು ಈ ಆಸೆ ಎಲ್ಲಿಂದ ಬಂತು ಹೇಳ್ತೀನಿ. ಅವಳು ಕಾಲೇಜಿನ ಗೆಳತಿಯೊಬ್ಬಳ ಮನೆಗೆ ಭಾನುವಾರ ಭಾನುವಾರ ಹೋಗ್ತಿದ್ದಳು. ಆ ಮನೇಲಿ ಒಳ್ಳೆ ಕಂಪ್ಯೂಟರ್ ಇತ್ತು, ಇಬ್ಬರೂ ಕೂತು ಜಿಟಿಎ 5 ಆಡೋರು. ಒಂದು ಭಾನುವಾರ ಆ ಮನೆಯ ಅಜ್ಜಿ ಕಾಫಿ ಕೊಡ್ತಾ "ನಿಮ್ಮದು ಯಾವ ಬೀದಿ ಮಗಾ" ಅಂತ ಕೇಳಿದರಂತೆ. ಇವಳು ಬೀದಿ ಹೆಸರು ಹೇಳಿದಳು. ಆ ಹೆಸರು ಹೇಳಿದ್ರೆ ನಮ್ಮೂರಲ್ಲಿ ಬೇರೇನೂ ಹೇಳಬೇಕಾಗಿಲ್ಲ. ಮುಂದಿನ ಭಾನುವಾರ ಗೆಳತಿ ಫೋನ್ ಮಾಡಿ, "ಕಂಪ್ಯೂಟರ್ ರಿಪೇರಿಗೆ ಹೋಗಿದೆ ಕಣೇ, ಬರಬೇಡ" ಅಂದಳು. ಅದೇ ಸಂಜೆ ಆ ಗೆಳತಿ ಆಟ ಆಡ್ತಿರೋದು ನನ್ನ ಮಗಳ ಮೊಬೈಲ್‌ನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆಯಾಗಿ ಕಾಣ್ತಿತ್ತು.

ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಇದನ್ನ ನನಗೆ ಹೇಳಿದ್ದೂ ಎರಡು ತಿಂಗಳಾದ ಮೇಲೆ. ಆ ಎರಡು ತಿಂಗಳು ಅವಳು ಮಾಡಿದ್ದು ಇಷ್ಟು: ಮೊಬೈಲ್‌ನಲ್ಲಿ ಓದಿ ಓದಿ, 25 ಸಾವಿರದೊಳಗೆ ಒಂದು ಗೇಮಿಂಗ್ ಕಂಪ್ಯೂಟರ್ ಹೇಗೆ ಜೋಡಿಸೋದು ಅಂತ ಲೆಕ್ಕ ಹಾಕಿದಳು. 25 ಸಾವಿರ ಯಾಕೆ ಅಂದ್ರೆ ನನ್ನ ಚೀಟಿ ದುಡ್ಡು ಎಷ್ಟು ಬರುತ್ತೆ ಅಂತ ಅವಳಿಗೆ ಗೊತ್ತು. ಗುಮಾಸ್ತನ ಮಗಳು. ಅಪ್ಪನ ಸಂಬಳದ ಚೀಟಿ ಓದಿಕೊಂಡೇ ಬೆಳೆದವಳು.

ಅವಳ ಪಟ್ಟಿ ಹೀಗಿತ್ತು. ಎಎಂಡಿ ಕಂಪನಿಯ ಅಥ್ಲಾನ್ 3000ಜಿ ಪ್ರೊಸೆಸರ್ 4,600. ಬಿ450 ಮದರ್‌ಬೋರ್ಡ್ 6,200. ನಾಲ್ಕು ಜಿಬಿಯ ಎರಡು ರ‍್ಯಾಮ್ ಕಡ್ಡಿ 3,400. ಎಸ್‌ಎಸ್‌ಡಿ 2,600. ಕ್ಯಾಬಿನೆಟ್, ಪವರ್ ಸಪ್ಲೈ ಸೇರಿ 3,600. ಸೆಕೆಂಡ್ ಹ್ಯಾಂಡ್ ಮಾನಿಟರ್ 3,500. ಕೀಬೋರ್ಡ್, ಮೌಸ್ 800. ಒಟ್ಟು 24,700. ಕೆಳಗೆ ಒಂದು ಸಾಲು ಬರೆದಿದ್ದಳು: "ಡ್ಯುಯಲ್ ಕೋರೇ ಆದ್ರೂ ಓವರ್‌ಕ್ಲಾಕ್ ಮಾಡ್ಕೋತೀನಿ ಅಪ್ಪಾ, ಸಾಕು."

ಈ "ಸಾಕು" ಅನ್ನೋ ಪದ ನನಗೆ ಚೆನ್ನಾಗಿ ಗೊತ್ತು. ಹಾಸ್ಟೆಲ್ಲಿನಲ್ಲಿ ಎರಡನೇ ಸಲ ಅನ್ನ ಕೇಳೋಕೆ ನಾಚಿ "ಸಾಕು" ಅಂತಿದ್ದವನು ನಾನು. ನಮ್ಮ ಮಕ್ಕಳು ಬಾಯಿಬಿಟ್ಟು ಕೇಳೋ ಮೊದಲೇ ಅರ್ಧ ಕಡಿಮೆ ಮಾಡ್ಕೊಂಡು ಕೇಳ್ತಾರೆ. ಹಾಗಾಗಿ ಈ ಡ್ಯುಯಲ್ ಕೋರ್ ಅಂದ್ರೆ ಏನು, ಓವರ್‌ಕ್ಲಾಕ್ ಅಂದ್ರೆ ಏನು, ಇದು ನಿಜವಾಗಿ ಸಾಕಾ ಅಂತ ತಿಳ್ಕೊಳ್ಳೋಕೆ ಕೂತೆ. ಬಿಎ ಓದಿದವನು, ಕಚೇರಿಯಲ್ಲಿ ನುಡಿ ತಂತ್ರಾಂಶದಲ್ಲಿ ಕಾಗದ ಟೈಪ್ ಮಾಡೋದು ಬಿಟ್ಟರೆ ಕಂಪ್ಯೂಟರ್ ಗೊತ್ತಿಲ್ಲ. ತಿಳಿದಷ್ಟು ನಮ್ಮ ಭಾಷೆಯಲ್ಲಿ ಹೇಳ್ತೀನಿ. ನಿಮ್ಮ ಮನೆ ಮಕ್ಕಳೂ ನಾಳೆ ಇದನ್ನೇ ಕೇಳ್ತಾರೆ.

ಬೀಗರೂಟದ ಅಡುಗೆ ನೆನಪು ಮಾಡ್ಕೊಳ್ಳಿ. ಕೋರ್ ಅಂದ್ರೆ ಅಡುಗೆಯವನು. ಎರಡು ಕೋರ್ ಅಂದ್ರೆ ಇಬ್ಬರು ಅಡುಗೆಯವರು, ನಾಲ್ಕು ಅಂದ್ರೆ ನಾಲ್ವರು. ಗಿಗಾಹರ್ಟ್ಸ್ ಅಂದ್ರೆ ಒಬ್ಬೊಬ್ಬರ ಕೈ ಎಷ್ಟು ಬೇಗ ಆಡುತ್ತೆ ಅನ್ನೋದು. ಥ್ರೆಡ್ ಅಂತ ಇನ್ನೊಂದಿದೆ. ಒಬ್ಬನೇ ಅಡುಗೆಯವನು ಎರಡು ಒಲೆ ನೋಡ್ಕೊಳ್ಳೋದು. ಒಂದರ ಮೇಲೆ ನೀರು ಕಾಯೋವರೆಗೆ ಇನ್ನೊಂದರಲ್ಲಿ ಒಗ್ಗರಣೆ ಹಾಕ್ತಾನೆ. ಕೆಲಸ ಸ್ವಲ್ಪ ಜಾಸ್ತಿ ಆಗುತ್ತೆ, ಆದರೆ ಇಬ್ಬರ ಕೆಲಸ ಆಗಲ್ಲ. ಅಥ್ಲಾನ್ 3000ಜಿಯಲ್ಲಿ ಎರಡು ಕೋರ್, ನಾಲ್ಕು ಥ್ರೆಡ್, 3.5 ಗಿಗಾಹರ್ಟ್ಸ್.

ಓವರ್‌ಕ್ಲಾಕ್ ಅಂದ್ರೆ ಕಂಪನಿ ಹೇಳಿದ ವೇಗಕ್ಕಿಂತ ಜಾಸ್ತಿ ವೇಗಕ್ಕೆ ಪ್ರೊಸೆಸರ್ ಓಡಿಸೋದು. ಸುಮ್ಮನೆ ಓಡಲ್ಲ, ವೋಲ್ಟೇಜ್ ಏರಿಸಬೇಕು. ವೋಲ್ಟೇಜ್ ಏರಿದರೆ ಶಾಖ ಏರುತ್ತೆ. ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. ತಿನ್ನುವ ಕರೆಂಟು ವೇಗದ ಜೊತೆ ಒಂದು ಸಲ, ವೋಲ್ಟೇಜ್ ಜೊತೆ ಎರಡು ಸಲ ಗುಣಿಸಿಕೊಳ್ಳುತ್ತೆ. ವೇಗ ಶೇಕಡಾ 10, ವೋಲ್ಟೇಜ್ ಶೇಕಡಾ 10 ಏರಿಸಿದರೆ 1.1 ಗುಣಿಸು 1.1 ಗುಣಿಸು 1.1. ಅಂದ್ರೆ ಕರೆಂಟು, ಶಾಖ ಸುಮಾರು ಶೇಕಡಾ 33 ಜಾಸ್ತಿ. ಹತ್ತು ಪಾಲು ಕೆಲಸಕ್ಕೆ ಮೂವತ್ತಮೂರು ಪಾಲು ಬೆವರು.

ಈ ಲೆಕ್ಕ ಓದಿದಾಗ ನಗು ಬಂತು. ನಮ್ಮ ಕಚೇರಿಯಲ್ಲಿ ಪಕ್ಕದ ಟೇಬಲ್ಲಿನ ಹುದ್ದೆ ಎಷ್ಟೋ ವರ್ಷದಿಂದ ಖಾಲಿ. ಬ್ಯಾಕ್‌ಲಾಗ್ ಅಂತಾರೆ, ಭರ್ತಿ ಆಗಲ್ಲ. ಆ ಟೇಬಲ್ಲಿನ ಫೈಲೂ ನನ್ನದೇ. ಒಬ್ಬ ಮನುಷ್ಯ, ಎರಡು ಒಲೆ. ಬಿಪಿ ಮಾತ್ರೆ ಶುರುವಾಗಿದ್ದು ಆಮೇಲೆ.

ಈಗ ಬೀಗದ ಕತೆಗೆ ಬರ್ತೀನಿ. ಇದು ನಮ್ಮ ಗೆಳೆಯರಿಗೆ ಇಷ್ಟ ಆಗುತ್ತೆ. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಅನ್ನೋ ಅಗ್ಗದ ಚಿಪ್ ಬಂತು. 300 ಮೆಗಾಹರ್ಟ್ಸ್ ಚಿಪ್ಪನ್ನ ಹುಡುಗರು 450ಕ್ಕೆ ಓಡಿಸಿದರು. ಒಂದೂವರೆ ಪಟ್ಟು. ದುಡ್ಡಿದ್ದವರ ಚಿಪ್ಪಿನ ಪಕ್ಕಕ್ಕೆ ಬಡವರ ಚಿಪ್ ಬಂದು ನಿಂತಿತು. 2011ರಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದ ಇಂಟೆಲ್ ಆ ದಾರಿಯನ್ನ ಹೆಚ್ಚುಕಮ್ಮಿ ಮುಚ್ಚಿತು. ಹೆಸರಿನ ಕೊನೆಗೆ ಕೆ ಅಕ್ಷರ ಇರೋ ದುಬಾರಿ ಚಿಪ್ ತಗೊಂಡರೆ ಮಾತ್ರ ಸರಿಯಾಗಿ ಓವರ್‌ಕ್ಲಾಕ್. ಉಳಿದವಕ್ಕೆ ಬೀಗ. ಅದಕ್ಕೂ ಮುಂಚೆ, 2010ರಲ್ಲಿ, ಪೆಂಟಿಯಮ್ ಜಿ6951 ಅನ್ನೋ ಡ್ಯುಯಲ್ ಕೋರ್ ಚಿಪ್ ಜೊತೆ ಇನ್ನೊಂದು ವ್ಯಾಪಾರ ನಡೆದಿತ್ತು. 50 ಡಾಲರ್ ಕೊಟ್ಟು ಒಂದು ಕಾರ್ಡ್ ಕೊಂಡು, ಅದರಲ್ಲಿನ ಸಂಖ್ಯೆ ಹಾಕಿದರೆ ನಿಮ್ಮ ಚಿಪ್ಪಿನೊಳಗೆ ಮೊದಲೇ ಇದ್ದ ಶಕ್ತಿ ತೆರೆದುಕೊಳ್ತಿತ್ತು. ನಿಮ್ಮದೇ ಮನೆಯ ಕೋಣೆಗೆ ಅವರ ಕೀಲಿ. ಜನ ಉಗಿದರು, ಕಾರ್ಡು ನಿಂತುಹೋಯಿತು.

2014ರಲ್ಲಿ ಪೆಂಟಿಯಮ್ ಹೆಸರಿಗೆ 20 ವರ್ಷ ತುಂಬಿದ ನೆನಪಿಗೆ ಇಂಟೆಲ್‌ನವರು ಜಿ3258 ಅಂತ ಬೀಗ ಇಲ್ಲದ ಡ್ಯುಯಲ್ ಕೋರ್ ಬಿಟ್ಟರು. ಅಮೆರಿಕದಲ್ಲಿ 72 ಡಾಲರ್. 3.2 ಗಿಗಾಹರ್ಟ್ಸ್ ಇದ್ದದ್ದನ್ನ ಹುಡುಗರು 4.5ರವರೆಗೂ ಓಡಿಸಿದರು. ಶೇಕಡಾ 40 ಜಾಸ್ತಿ. ಪತ್ರಿಕೆಗಳೆಲ್ಲ ಬಡವರ ಗೇಮಿಂಗ್ ಚಿಪ್ ಅಂತ ಹೊಗಳಿದವು. ಆಗಿನ ಎಷ್ಟೋ ಆಟಗಳಲ್ಲಿ ಎರಡರಷ್ಟು ಬೆಲೆಯ ಚಿಪ್‌ಗಳ ಸಮಕ್ಕೆ ಓಡಿದ್ದೂ ನಿಜ.

ಅದೇ ವರ್ಷ ನವೆಂಬರ್‌ನಲ್ಲಿ ಫಾರ್ ಕ್ರೈ 4 ಮತ್ತು ಡ್ರ್ಯಾಗನ್ ಏಜ್ ಇನ್‌ಕ್ವಿಸಿಷನ್ ಅನ್ನೋ ಎರಡು ದೊಡ್ಡ ಆಟ ಬಂದವು. ಜಿ3258 ಇದ್ದವರು ಆಟ ಹಾಕಿದರು. ಶುರುವೇ ಆಗಲಿಲ್ಲ. ನಿಧಾನವಾಗಿ ಓಡಿತು ಅಂತಲ್ಲ, ಬಾಗಿಲೇ ತೆಗೀಲಿಲ್ಲ. ಎರಡೇ ಥ್ರೆಡ್ ಇರೋ ಚಿಪ್ಪಲ್ಲಿ ಏಳದ ಹಾಗೆ ಆ ಆಟಗಳನ್ನ ಕಟ್ಟಿದ್ದರು. ನಿನ್ನ ಎರಡು ಕೋರ್ 4.5ರಲ್ಲಿ ಓಡಲಿ, 5ರಲ್ಲಿ ಓಡಲಿ, ಬಾಗಿಲಲ್ಲಿ ಎಣಿಸೋದು ತಲೆಯನ್ನ, ವೇಗವನ್ನಲ್ಲ. ಆಮೇಲೆ ಯಾರೋ ಅಡ್ಡದಾರಿ ಕಂಡುಹಿಡಿದರು. ಅಡ್ಡದಾರಿಯಲ್ಲಿ ಒಳಗೆ ಹೋದವರಿಗೂ ಆಟ ತಡವರಿಸ್ತಾ ತಡವರಿಸ್ತಾ ಓಡಿತು.

ನಾನು ಈ ಕತೆಯನ್ನ ಮಗಳಿಗೆ ದೊಡ್ಡ ದನಿಯಲ್ಲಿ ಹೇಳಿದೆ. "ನೋಡಿದ್ಯಾ ಮಗಾ, ಎಷ್ಟು ಕಷ್ಟಪಟ್ಟರೂ ಬಾಗಿಲು ತೆಗೀಲಿಲ್ಲ. ಮೆರಿಟ್ ಮೆರಿಟ್ ಅಂತಾರಲ್ಲ..." ಅಂತ ಶುರು ಮಾಡಿದೆ. ಅವಳು ತಲೆ ಎತ್ತದೆ, "ಅದು ಚಿಪ್ಪು ಅಪ್ಪಾ, ಮನುಷ್ಯ ಅಲ್ಲ. ಎಲ್ಲದಕ್ಕೂ ಭಾಷಣ ಮಾಡಬೇಡ. 3000ಜಿಗೆ ನಾಲ್ಕು ಥ್ರೆಡ್ ಇದೆ, ಜಿಟಿಎ ಶುರುವಾಗುತ್ತೆ" ಅಂದಳು.

ಅವಳ ಮಾತು ಸರಿ. ಎರಡನ್ನೂ ಒಪ್ಕೋತೀನಿ. ಚಿಪ್ಪು ಮನುಷ್ಯ ಅಲ್ಲ ಅನ್ನೋದನ್ನ ಇನ್ನೊಂದು ವಿಷಯ ಓದಿದ ಮೇಲೆ ಇನ್ನೂ ಜಾಸ್ತಿ ಒಪ್ಕೊಂಡೆ. 2009ರಲ್ಲಿ ಎಎಂಡಿಯವರು ಫೆನಮ್ 2 ಎಕ್ಸ್2 550 ಅಂತ ಡ್ಯುಯಲ್ ಕೋರ್ ಮಾರಿದರು. ಅದರ ಒಳಗೆ ನಿಜಕ್ಕೂ ನಾಲ್ಕು ಕೋರ್ ಇತ್ತು, ಎರಡನ್ನ ಮುಚ್ಚಿದ್ದರು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಮುಚ್ಚಿದ ಎರಡೂ ಎದ್ದು ಕೂರುತ್ತಿದ್ದವು. ಓದಿದ ತಕ್ಷಣ, ಆಹಾ, ಇದೇ ನಮ್ಮ ಕತೆ ಅಂದುಕೊಂಡೆ. ಆದರೆ ಎಲ್ಲ ಚಿಪ್ಪಲ್ಲೂ ಹಾಗಾಗಲಿಲ್ಲ. ಕೆಲವು ಚಿಪ್ಪಲ್ಲಿ ಆ ಎರಡು ಕೋರ್ ನಿಜವಾಗಿಯೇ ಕೆಟ್ಟಿದ್ದವು, ಎಬ್ಬಿಸಿದರೆ ಕಂಪ್ಯೂಟರ್ ಬಿದ್ದುಹೋಗ್ತಿತ್ತು. ಕಾರ್ಖಾನೆಯಲ್ಲಿ ಒಂದೊಂದು ಚಿಪ್ಪನ್ನೂ ಪರೀಕ್ಷೆ ಮಾಡಿ, ಚೆನ್ನಾಗಿರೋದನ್ನ ಮೇಲಿನ ಬೆಲೆಗೆ, ಊನ ಇರೋದನ್ನ ಕೆಳಗಿನ ಬೆಲೆಗೆ ವಿಂಗಡಿಸ್ತಾರೆ. ಬಿನ್ನಿಂಗ್ ಅಂತಾರೆ.

ಇಲ್ಲೇ ನನ್ನ ಭಾಷಣಕ್ಕೆ ಇನ್ನೊಂದು ದಾರಿ ಸಿಕ್ಕಿತು, ಮಗಳ ಮುಂದೆ ಹೇಳಲಿಲ್ಲ, ನಿಮ್ಮ ಮುಂದೆ ಹೇಳ್ತೀನಿ. ಚಿಪ್ಪನ್ನ ವಿಂಗಡಿಸುವಾಗ ಎಲ್ಲಕ್ಕೂ ಒಂದೇ ವೋಲ್ಟೇಜ್ ಕೊಟ್ಟು, ಒಂದೇ ಶಾಖದಲ್ಲಿಟ್ಟು ಅಳೀತಾರೆ. ಮಣ್ಣಿನಿಂದ ಬಂದ ಸಿಲಿಕಾನಿಗೆ ಸಿಗೋ ಈ ನ್ಯಾಯ ನಮ್ಮ ಮಕ್ಕಳಿಗೆ ಸಿಕ್ಕಿಲ್ಲ. ಒಬ್ಬನಿಗೆ ಟ್ಯೂಷನ್, ಏಸಿ ರೂಮು, ಇಂಗ್ಲಿಷ್ ಮಾತಾಡೋ ಅಮ್ಮ. ಇನ್ನೊಬ್ಬಳಿಗೆ ಶೀಟಿನ ಮನೆ, ಹೋಗಿ ಬರೋ ಕರೆಂಟು. ಪರೀಕ್ಷೆ ಮಾತ್ರ ಒಂದೇ. ಆಮೇಲೆ ಅಂಕಪಟ್ಟಿ ಹಿಡ್ಕೊಂಡು, ಇದು ಮೇಲಿನ ಮಾಲು, ಇದು ಕೆಳಗಿನ ಮಾಲು ಅಂತಾರೆ. ಮೀಸಲಾತಿ ವಿರೋಧಿಸೋ ಗೆಳೆಯರು ಯಾರಾದ್ರೂ ಇದನ್ನ ಓದ್ತಿದ್ದರೆ ದಯವಿಟ್ಟು ಯೋಚನೆ ಮಾಡಿ. ಇಂಜಿನಿಯರ್‌ಗಳು ಚಿಪ್ಪಿಗೂ ಇಂಥ ಅನ್ಯಾಯ ಮಾಡಲ್ಲ.

ಸರಿ, ಕಂಪ್ಯೂಟರಿಗೆ ವಾಪಸ್ ಬರೋಣ.

ಮಗಳ ಎರಡನೇ ಮಾತು: 3000ಜಿಗೆ ನಾಲ್ಕು ಥ್ರೆಡ್ ಇದೆ. ನಿಜ. 2019ರ ನವೆಂಬರ್‌ನಲ್ಲಿ ಬಂದ ಚಿಪ್ಪು, ಆಗ ಅಮೆರಿಕದಲ್ಲಿ 49 ಡಾಲರ್. ಇದರ ಅಣ್ಣ 200ಜಿಇಗೆ ಬೀಗ ಇತ್ತು, ಇದಕ್ಕೆ ಬೀಗ ಇಲ್ಲ. ಡಬ್ಬದ ಜೊತೆ ಬರೋ ಫ್ಯಾನಿನಲ್ಲೇ 3.9ರವರೆಗೆ ಹೋಗಬಹುದು ಅಂತ ಕಂಪನಿಯೇ ತೋರಿಸಿತ್ತು. 3.5ರಿಂದ 3.9 ಅಂದ್ರೆ ಶೇಕಡಾ 11 ಚಿಲ್ಲರೆ. ಒಳಗೇ ವೆಗಾ 3 ಅನ್ನೋ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಬೇಡ. ಬರೀ 35 ವ್ಯಾಟ್.

ಈಗ ಆಟಕ್ಕೆ ಏನು ಬೇಕು ನೋಡಿ. ಸೆಕೆಂಡಿಗೆ 60 ಚಿತ್ರ ಬಂದರೆ ಆಟ ನೀರಿನ ಹಾಗೆ ಹರಿಯುತ್ತೆ ಅಂತಾರೆ. ಅಂದ್ರೆ ಒಂದು ಚಿತ್ರ ತಯಾರಾಗೋಕೆ 16.7 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಕಾರು ಎಲ್ಲಿದೆ, ಪೊಲೀಸರು ಎಲ್ಲಿದ್ದಾರೆ, ಶಬ್ದ ಏನು, ಮುಂದಿನ ಬೀದಿ ಯಾವುದು, ಎಲ್ಲ ಲೆಕ್ಕ ಮುಗೀಬೇಕು. ಜೊತೆಗೆ ಹಿಂದುಗಡೆ ವಿಂಡೋಸ್ ಅಪ್‌ಡೇಟ್, ವೈರಸ್ ತಡೆಯೋ ತಂತ್ರಾಂಶ, ಗೆಳತಿಯರ ಜೊತೆ ಹೆಡ್‌ಫೋನ್ ಮಾತು. ಇಬ್ಬರೇ ಅಡುಗೆಯವರಿದ್ದಾಗ ಒಬ್ಬ ನೀರು ತರೋಕೆ ಹೋದರೆ ಊಟ ನಿಂತುಹೋಗುತ್ತೆ. ಆ ನಿಲ್ಲೋದನ್ನ ಸ್ಟಟರ್ ಅಂತಾರೆ. ಸರಾಸರಿ ವೇಗ ಚೆನ್ನಾಗೇ ಕಾಣುತ್ತೆ, ಆದರೆ ಕಾರು ತಿರುಗಿಸೋ ಹೊತ್ತಿಗೆ ಸರಿಯಾಗಿ ಚಿತ್ರ ಕಲ್ಲಾಗುತ್ತೆ.

ವೇಗಕ್ಕೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಒಂದು ಪಾತ್ರೆ ಮುದ್ದೆಯನ್ನ ನಾಲ್ಕು ಜನ ತಿರುವೋಕಾಗಲ್ಲ, ಒಬ್ಬನೇ ತಿರುವಬೇಕು, ಅವನ ಕೈ ಚುರುಕಿರಬೇಕು. ಆಟದಲ್ಲೂ ಅಂಥ ಒಂದು ಮುಖ್ಯ ಕೆಲಸ ಇರುತ್ತೆ. ಅದಕ್ಕೇ ಹಳೇ ಆಟಗಳಿಗೆ ಚುರುಕಾದ ಎರಡು ಕೋರ್ ಸಾಕಾಗ್ತಿತ್ತು. ಕೌಂಟರ್ ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್‌ಗೆ ಕಂಪನಿ ಹೇಳ್ತಿದ್ದ ಕನಿಷ್ಠ ಪ್ರೊಸೆಸರ್ ಕೋರ್ 2 ಡ್ಯುಯೋ ಇ6600. ಎರಡೇ ಕೋರ್. ಅಂಥದ್ದು ಮಾತ್ರ ಆಡೋ ಮಕ್ಕಳಿಗೆ ಡ್ಯುಯಲ್ ಕೋರ್ ಕೊಡಿಸಿದರೆ ತಪ್ಪಿಲ್ಲ. ಆದರೆ ನನ್ನ ಮಗಳ ಜಿಟಿಎ 5ಕ್ಕೆ ಕನಿಷ್ಠ ಅಂತ ಬರೆದಿರೋದೇ ಕೋರ್ 2 ಕ್ವಾಡ್ ಕ್ಯೂ6600. ನಾಲ್ಕು ಕೋರ್. 2015ರ ಆಟಕ್ಕೇ ಹೀಗೆ. ಪಬ್‌ಜಿಯ ಕಂಪ್ಯೂಟರ್ ಆವೃತ್ತಿಗೂ ಕನಿಷ್ಠ ಐ5 4430, ಅದೂ ನಾಲ್ಕು ಕೋರ್. ಕಡಿಮೆ ಇದ್ದರೂ ಆಟ ಶುರುವಾಗಬಹುದು. ಶುರುವಾಗೋದೇ ಬೇರೆ, ಆಡೋದೇ ಬೇರೆ.

ಇಷ್ಟು ತಿಳ್ಕೊಂಡು ಒಂದು ಭಾನುವಾರ ಬಿಟ್ಟು ಶನಿವಾರ, ಅಪ್ಪ ಮಗಳು ತುಮಕೂರಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಟೌನ್ ಹಾಲ್ ಮೆಟ್ಟಿಲ ಮೇಲೆ ನಾನು ಎಷ್ಟು ಸಲ ಧರಣಿ ಕೂತಿದ್ದೀನೋ ಲೆಕ್ಕ ಇಲ್ಲ. ಅಲ್ಲಿಂದ ಕೂಗಳತೆಯಲ್ಲಿರೋ ಎಸ್‌ಪಿ ರೋಡಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ನಮಗೆ ಸಂಬಂಧ ಇಲ್ಲದ ಬೀದಿ ಅಂದುಕೊಂಡಿದ್ದೆ.

ಮೊದಲು ಹೋದ ಅಂಗಡಿಯಲ್ಲಿ ಒಂದು ಕ್ಯಾಬಿನೆಟ್ ತೋರಿಸಿದರು. ಕೆಂಪು, ನೀಲಿ, ಹಸಿರು ದೀಪ, ಜಾತ್ರೆ ಥರ. "ಗೇಮಿಂಗ್ ಪಿಸಿ ಸಾರ್, ರೆಡಿ ಇದೆ, 18 ಸಾವಿರ." ಮಗಳು ಪಕ್ಕದ ಬಾಗಿಲು ತೆಗೆಸಿ, ಆನ್ ಮಾಡಿಸಿ ನೋಡಿದಳು. ಒಳಗೆ ಹತ್ತು ವರ್ಷಕ್ಕೂ ಹಳೇ ಕೋರ್ 2 ಡ್ಯುಯೋ. ಹಳೇ ಸೀರೆಗೆ ಹೊಸ ಜರಿ ಅಂಚು. "ಇದು ಬೇಡ ಅಂಕಲ್" ಅಂದಳು. ಆತ ನನ್ನ ಕಡೆ ತಿರುಗಿ, "ನಿಮಗೆ ಇದೇ ಸಾಕು ಸಾರ್, ಡ್ಯುಯಲ್ ಕೋರ್ ಇದೆ" ಅಂದ. ಮತ್ತೆ ಅದೇ ಮಾತು. ಗೆಳೆಯರೇ, ದೀಪ ನೋಡಿ ದುಡ್ಡು ಕೊಡಬೇಡಿ. ಆನ್ ಮಾಡಿಸಿ, ಪ್ರೊಸೆಸರ್ ಹೆಸರು ಓದಿ, ಆಮೇಲೆ ಜೇಬಿಗೆ ಕೈ ಹಾಕಿ.

ಇನ್ನೊಂದು ಅಂಗಡಿಯಲ್ಲಿ ಒಬ್ಬ ಹುಡುಗ ತಾಳ್ಮೆಯಿಂದ ಕೂತು ಲೆಕ್ಕ ಹೇಳಿದ. ಅಲ್ಲಿ ನನ್ನ ಕಣ್ಣು ತೆರೆಯಿತು. ಓವರ್‌ಕ್ಲಾಕ್ ಮಾಡಬೇಕು ಅಂದ್ರೆ ಎ320 ಅನ್ನೋ ಅಗ್ಗದ ಮದರ್‌ಬೋರ್ಡ್ ನಡೆಯಲ್ಲ, ಬಿ450 ಬೇಕು. 3000ಜಿ 4,600, ಬಿ450 6,200, ಸೇರಿ 10,800. ಅದೇ ಅಂಗಡಿಯಲ್ಲಿ ನಾಲ್ಕು ಕೋರಿನ ರೈಜನ್ 3 3200ಜಿ 7,800, ಎ320 ಬೋರ್ಡ್ 3,900, ಸೇರಿ 11,700. ವ್ಯತ್ಯಾಸ ಬರೀ 900 ರೂಪಾಯಿ! ಆ 900ಕ್ಕೆ ಎರಡು ಕೋರ್ ಜಾಸ್ತಿ, ಗ್ರಾಫಿಕ್ಸ್ ವೆಗಾ 3ರ ಬದಲು ವೆಗಾ 8.

ಅಂದ್ರೆ ಕಡಿಮೆ ಇರೋದನ್ನ ಹೊಡೆದು ಬಡಿದು ಓಡಿಸೋಕೆ ಮಾಡೋ ಖರ್ಚಲ್ಲೇ ಸರಿಯಾದ್ದು ಬರುತ್ತೆ. ಇದು ಅಂಗಡಿ ಲೆಕ್ಕ ಮಾತ್ರ ಅಲ್ಲ. ಹಾಸ್ಟೆಲ್ ಕಟ್ಟಡಕ್ಕೆ ಪ್ರತಿ ವರ್ಷ ತೇಪೆ ಹಾಕೋ ದುಡ್ಡು, ಖಾಲಿ ಹುದ್ದೆಗೆ ಹೊರಗುತ್ತಿಗೆ ಏಜೆನ್ಸಿಗೆ ಕೊಡೋ ಕಮಿಷನ್ನು, ಎಲ್ಲಾ ಕೂಡಿಸಿ ನೋಡಿ.

ಇನ್ನೂ ಎರಡು ವಿಷಯ ಆ ಹುಡುಗ ಹೇಳಿದ. ಓವರ್‌ಕ್ಲಾಕ್ ಮಾಡಿ ಸುಟ್ಟುಹೋದರೆ ಗ್ಯಾರಂಟಿ ಇಲ್ಲ. ಇನ್ನೊಂದು, ಮೊಬೈಲ್‌ನಲ್ಲಿ ನೋಡೋ ಪರೀಕ್ಷೆಗಳೆಲ್ಲ ತಣ್ಣಗಿನ ರೂಮಿನಲ್ಲಿ ಮಾಡಿದ್ದು. ನಮ್ಮ ಮನೆ ಶೀಟಿಂದು. ಏಪ್ರಿಲ್ ಮಧ್ಯಾಹ್ನ ಒಳಗೆ ಕೂತರೆ ಮನುಷ್ಯನೇ ಕಾಯ್ತಾನೆ, ಚಿಪ್ಪು ಎಷ್ಟು ಕಾಯಬೇಡ? ರೂಮು ಹತ್ತು ಡಿಗ್ರಿ ಬಿಸಿ ಇದ್ದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಬಿಸಿ.

ನಾನು ಗೆದ್ದೆ ಅಂದುಕೊಂಡೆ. "ಹಾಗಾದ್ರೆ ನಾಲ್ಕು ಕೋರ್, ಎ320. ಓವರ್‌ಕ್ಲಾಕ್ ಬೇಡ" ಅಂದೆ. ಮಗಳು ಸುಮ್ಮನಾದಳು. ಅವಳ ಅಮ್ಮನ ಥರಾನೇ, ಕೋಪ ಬಂದ್ರೆ ಮಾತಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡೀತಾ ಕೇಳಿದೆ. ಆಗ ಹೇಳಿದಳು: "ದುಡ್ಡು ಉಳಿಸೋಕೆ ಡ್ಯುಯಲ್ ಕೋರ್ ಬರೆದಿದ್ದೆ ಅಪ್ಪಾ. ಆದರೆ ಓವರ್‌ಕ್ಲಾಕ್ ದುಡ್ಡಿಗೆ ಬರೆದಿರಲಿಲ್ಲ. ಅದು ನನಗೆ ಮಾಡಿ ನೋಡಬೇಕು. ವೋಲ್ಟೇಜ್ ಏರಿಸಿದ್ರೆ ಏನಾಗುತ್ತೆ, ಎಲ್ಲಿ ನಿಲ್ಲುತ್ತೆ, ಕೈಯಾರೆ ನೋಡಬೇಕು. ಕಾಲೇಜ್ ಲ್ಯಾಬಲ್ಲಿ ಕ್ಯಾಬಿನೆಟ್ ಮುಟ್ಟೋಕೂ ಬಿಡಲ್ಲ."

ನನಗೆ ನಾಚಿಕೆ ಆಯ್ತು. ನಾನು ಇಷ್ಟು ಹೊತ್ತು ಓವರ್‌ಕ್ಲಾಕ್ ಅಂದ್ರೆ ಬಡವನ ಪರದಾಟ ಅಂತ ಮಾತ್ರ ನೋಡಿದ್ದೆ. ಅವಳಿಗೆ ಅದು ಆಟ, ಕುತೂಹಲ. ಬೇರೆ ದಾರಿ ಇಲ್ಲದೆ ಓಡೋದು ಬೇರೆ, ನನ್ನ ಕಾಲು ಎಷ್ಟು ದೂರ ಹೋಗುತ್ತೆ ನೋಡೋಣ ಅಂತ ಓಡೋದು ಬೇರೆ. ನಮ್ಮ ಚಳವಳಿಯವರು ಮೊದಲನೆಯದನ್ನ ಚೆನ್ನಾಗಿ ಬಲ್ಲೆವು. ಎರಡನೆಯದು ನಮ್ಮ ಮಕ್ಕಳಿಗೂ ಬೇಕು ಅನ್ನೋದನ್ನ ಮರೆತುಬಿಡ್ತೀವಿ. ಮಹಾಡ್‌ನಲ್ಲಿ 1927ರಲ್ಲಿ ಬಾಬಾಸಾಹೇಬರು ಕೆರೆ ನೀರು ಮುಟ್ಟಿದ್ದು ಬಾಯಾರಿಕೆಗೆ ಅಲ್ಲ ಅಂತ ನಾವೇ ವೇದಿಕೆ ಮೇಲೆ ಹೇಳ್ತೀವಿ. ಮನೆಗೆ ಬಂದು ಮಕ್ಕಳು ಏನಾದ್ರೂ ಕೇಳಿದ್ರೆ, "ಅದರಿಂದ ಏನುಪಯೋಗ" ಅಂತ ಕೇಳ್ತೀವಿ.

ಮೊದಲು ಪುಸ್ತಕ ಅಂದ ಗೆಳೆಯರಿಗೆ: ಪುಸ್ತಕ ನಮ್ಮ ಮನೇಲಿ ಇದೆ. ಬಾಬಾಸಾಹೇಬರು ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ದು ಪುಸ್ತಕಕ್ಕಾಗಿ ಅಂತ ಅವಳಿಗೂ ಗೊತ್ತು. ಅವರು ಸೂಟು ಬೂಟು ಹಾಕಿದ್ದೂ ಗೊತ್ತು. ಚೆನ್ನಾಗಿರೋದು ನನಗೂ ಬೇಕು ಅನ್ನೋದನ್ನ ಅವರು ಮುಚ್ಚಿಡಲಿಲ್ಲ. ಪುಸ್ತಕ ಅಥವಾ ಆಟ ಅಂತ ಆಯ್ಕೆ ಮಾಡು ಅನ್ನೋದು ನಮ್ಮ ಮಕ್ಕಳಿಗೆ ಮಾತ್ರ ಯಾಕೆ? ಆ ಗೆಳತಿಯ ಮನೇಲಿ ಎರಡೂ ಇದೆ. ಅವಳನ್ನ ಯಾರೂ ಕೇಳಿಲ್ಲ.

ಹಾಗಾದ್ರೆ ಏನು ತಗೊಂಡ್ವಿ? ರೈಜನ್ 3 3200ಜಿ, ನಾಲ್ಕು ಕೋರ್, ಇದಕ್ಕೂ ಬೀಗ ಇಲ್ಲ. ಜೊತೆಗೆ ಬಿ450 ಬೋರ್ಡು. ಇವೆರಡೇ 14,000. ಉಳಿದದ್ದೆಲ್ಲ ಹಾಗೇ ಇಟ್ಟರೆ 27,900 ಆಗ್ತಿತ್ತು. ನಾನು ಜೇಬು ಮುಟ್ಟಿ ನೋಡ್ಕೊಳ್ತಿದ್ದೆ. ಮಗಳೇ ದಾರಿ ಹೇಳಿದಳು. "ಮಾನಿಟರ್ ಬೇಡ ಅಪ್ಪಾ, ಮನೆ ಟಿವಿಗೇ ಎಚ್‌ಡಿಎಂಐ ವೈರ್ ಹಾಕೋಣ." 3,500 ಉಳೀತು. 24,400ಕ್ಕೆ ಮುಗೀತು. ವಾಪಸ್ ಬರುವಾಗ ರೈಲಲ್ಲಿ ಡಬ್ಬಗಳನ್ನ ತೊಡೆ ಮೇಲೇ ಇಟ್ಕೊಂಡು ಕೂತಿದ್ದಳು, ಮೇಲಿಡೋಕೆ ಬಿಡಲಿಲ್ಲ.

ನಿಮ್ಮ ಮಕ್ಕಳಿಗೆ ತಗೊಳ್ಳೋರಿಗೆ ನಾವು ಕಲಿತ ನಾಲ್ಕು ಮಾತು. ಒಂದು, ಪ್ರೊಸೆಸರ್ ಬೆಲೆ ಒಂದನ್ನೇ ನೋಡಬೇಡಿ, ಬೋರ್ಡ್ ಸೇರಿಸಿ ನೋಡಿ. ಎರಡು, ಬೋರ್ಡಿನ ಡಬ್ಬದ ಮೇಲೆ ರೈಜನ್ 3000 ರೆಡಿ ಅನ್ನೋ ಚೀಟಿ ಇದೆಯಾ ನೋಡಿ, ಇಲ್ಲದಿದ್ರೆ ಹೊಸ ಚಿಪ್ಪು ಹಾಕಿದಾಗ ಕಂಪ್ಯೂಟರ್ ಏಳದೇ ಹೋಗಬಹುದು. ಮೂರು, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಡೋದಾದ್ರೆ ಎಂಟು ಜಿಬಿಯ ಒಂದೇ ರ‍್ಯಾಮ್ ಬೇಡ, ನಾಲ್ಕರ ಎರಡು ತಗೊಳ್ಳಿ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸೋದು, ಎರಡು ದಾರಿ ಇದ್ದರೆ ಬೇಗ ಓಡುತ್ತೆ. ನಾಲ್ಕು, ದುಡ್ಡು ನಿಜವಾಗಿಯೂ ಇಲ್ಲ, ಡ್ಯುಯಲ್ ಕೋರ್ ಬಿಟ್ಟು ಗತಿ ಇಲ್ಲ ಅಂದ್ರೆ 3000ಜಿ ತಗೊಳ್ಳಿ, ನಾಚಿಕೆ ಬೇಡ. ಆದರೆ ಬೋರ್ಡ್ ಮಾತ್ರ ಒಳ್ಳೇದು ತಗೊಳ್ಳಿ. ನಾಳೆ ಚೀಟಿ ಬಂದಾಗ ಅದೇ ಬೋರ್ಡಿಗೆ ಆರು ಕೋರಿನ ರೈಜನ್ 5 ಕೂರುತ್ತೆ. ಇವತ್ತು ಕಡಿಮೆ ಇರಲಿ, ನಾಳೆಯ ಬಾಗಿಲು ಮುಚ್ಚಬೇಡಿ.

ಮೂರನೇ ಉತ್ತರ ಬರೆದ ಹಿರಿಯರೇ, ನಿಮ್ಮ ಮೇಲೆ ಕೋಪ ಇಲ್ಲ. ನೀವು ಉಳಿತಾಯದ ಮಾತು ಹೇಳಿದ್ರಿ. ಆದರೆ ನಮ್ಮ ಹುಡುಗಿಗೆ ಏನು ಸಾಕು ಅನ್ನೋದನ್ನ ಊರಿನವರು ಹೇಳ್ತಾನೇ ಇದ್ದಾರೆ. ಅಂಗಡಿಯವನೂ ಹೇಳಿದ. ಅವಳೇ ಅವಳಿಗೆ ಹೇಳ್ಕೊಂಡಿದ್ದಳು. ನಾವೂ ಅದನ್ನೇ ಹೇಳೋದು ಬೇಡ ಅಣ್ಣ.

ಈಗ ಮನೆಯ ಸ್ಥಿತಿ: ಸಂಜೆ ಏಳರಿಂದ ಒಂಬತ್ತು ಟಿವಿ ನನ್ನ ಹೆಂಡತಿಯ ಧಾರಾವಾಹಿಗೆ, ಒಂಬತ್ತರ ಮೇಲೆ ಮಗಳಿಗೆ. ನನಗೆ ವಾರ್ತೆ ಇಲ್ಲ. ನಾಲ್ಕೂ ಕೋರನ್ನ 3.6ರಿಂದ 4.0ಕ್ಕೆ ತಂದಿದ್ದಾಳೆ. ಎರಡು ಸಲ ಕಂಪ್ಯೂಟರ್ ಬಿದ್ದುಹೋಯಿತು, ಎರಡು ಸಲವೂ ನೋಟ್ ಪುಸ್ತಕದಲ್ಲಿ ವೋಲ್ಟೇಜ್, ಶಾಖ ಬರೆದುಕೊಂಡು ಮತ್ತೆ ಎಬ್ಬಿಸಿದಳು. ನಮ್ಮ ಬೀದಿಯ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಭಾನುವಾರ ಬಂದು ಕೂರ್ತಾರೆ. ಕಾಫಿ ಕೊಡುವಾಗ ನಾವು ಯಾರನ್ನೂ ಬೀದಿ ಕೇಳಲ್ಲ.

ಆ ಗೆಳತಿ ಮೊನ್ನೆ ಫೋನ್ ಮಾಡಿದ್ದಳಂತೆ, "ನಿನ್ನ ಹತ್ರ ಈಗ ಕಂಪ್ಯೂಟರ್ ಇದೆಯಂತಲ್ಲ, ಆನ್‌ಲೈನ್ ಆಡೋಣ ಬಾ" ಅಂತ. ಏನು ಹೇಳಿದೆ ಅಂತ ಕೇಳಿದೆ. "ಯೋಚನೆ ಮಾಡ್ತೀನಿ ಅಂದೆ" ಅಂದಳು. ನಾನು ಭಾಷಣ ಮಾಡಲಿಲ್ಲ.

ಜೈಭೀಮ್.